90 ಡಿಗ್ರಿ ಬಿಸಿನೀರಿನಿಂದ ಕರೆಂಟ್: ವೇನ್ ಎಕ್ಸ್‌ಪ್ಯಾಂಡರ್ ನಡೀತೈತಾ?

ಪ್ರಶ್ನೆ (ಅಕ್ಕಿ ಮಿಲ್, ದಾವಣಗೆರೆ): ನಮಸ್ಕಾರ ಸರ್. ನಮ್ಮದು ಸ್ಟೀಮ್ ರೈಸ್ ಮಿಲ್, ಭತ್ತದ ಹೊಟ್ಟಿನ ಬಾಯ್ಲರ್. ಚಿಮಣಿ ಹೊಗೆ 200 ಡಿಗ್ರಿ ಮೇಲೈತಿ. ಅದರಾಗ ನೀರು ಕಾಯಿಸಿದ್ರ 90 ಡಿಗ್ರಿದು ನಿಮಿಷಕ್ಕೆ 40 ಲೀಟರ್ ಸಿಗ್ತೈತಿ. ಗಾಳಿ ಒತ್ತಡದಲ್ಲಿ ತಿರುಗೋ ವೇನ್ ಮೋಟರ್‌ಗೆ ಗ್ಯಾಸ್ ಬಿಟ್ಟು ಜನರೇಟರ್ ತಿರುಗಿಸಿದ್ರ ಎಷ್ಟು ಕರೆಂಟ್ ಬರಬಹುದು?

ಉತ್ತರ: ನಮಸ್ಕಾರ ರೀ. ನೀವು ಕೇಳಿದ್ದು ವೇನ್ ಎಕ್ಸ್‌ಪ್ಯಾಂಡರ್ ಬಗ್ಗೆ: ಬಿಸಿನೀರಿನ ಶಾಖಕ್ಕೆ ಎವಾಪರೇಟರ್‌ನಲ್ಲಿ ದ್ರವರೂಪದ ಗ್ಯಾಸು ಕುದಿದು ಹಬೆಯಾಗುತ್ತದೆ, ಆ ಹಬೆ ಹಿಗ್ಗುತ್ತಾ ರೋಟರಿನ ಸೀಳುಗಳಲ್ಲಿ ಜಾರುವ ಪಟ್ಟಿಗಳನ್ನು (ವೇನ್) ತಳ್ಳಿ ತಿರುಗಿಸುತ್ತದೆ, ಆಮೇಲೆ ಕಂಡೆನ್ಸರ್‌ನಲ್ಲಿ ತಣಿದು ಮತ್ತೆ ದ್ರವವಾಗುತ್ತದೆ, ಫೀಡ್ ಪಂಪ್ ಅದನ್ನು ಮರಳಿ ಎವಾಪರೇಟರ್‌ಗೆ ತಳ್ಳುತ್ತದೆ. ಮೊದಲು ಲೆಕ್ಕ. ನಿಮಿಷಕ್ಕೆ 40 ಲೀಟರ್ ನೀರು 90ರಿಂದ 80ಕ್ಕೆ ಇಳಿದರೆ ಸುಮಾರು 28 ಕಿಲೋವ್ಯಾಟ್ ಶಾಖ ಸಿಗುತ್ತದೆ. 90 ಡಿಗ್ರಿಗೂ 30 ಡಿಗ್ರಿಗೂ ನಡುವೆ ಯಾವ ಯಂತ್ರವೂ ಶೇ 16.5 ದಾಟುವಂತಿಲ್ಲ. ಇಷ್ಟು ಚಿಕ್ಕ ಯಂತ್ರದಲ್ಲಿ ಜನರೇಟರ್ ತುದಿಗೆ ಬರುವುದು 1 ಕಿಲೋವ್ಯಾಟ್ ಆಸುಪಾಸು. ಫೀಡ್ ಪಂಪ್, ಕೂಲಿಂಗ್ ಟವರ್‌ನ ಫ್ಯಾನು, ಅದರ ನೀರಿನ ಪಂಪು ಇಷ್ಟೂ ತಿಂದ ಮೇಲೆ ಕೈಗೆ ಅರ್ಧ ಕಿಲೋವ್ಯಾಟ್.

ಅದೇ 28 ಕಿಲೋವ್ಯಾಟನ್ನು ಬಾಯ್ಲರ್‌ಗೆ ಹೋಗುವ ಫೀಡ್ ನೀರಿಗೆ ಕೊಟ್ಟರೆ? ಗಂಟೆಗೆ 1 ಟನ್ ನೀರು 24 ಡಿಗ್ರಿ ಏರುತ್ತದೆ. ಫೀಡ್ ನೀರು 6 ಡಿಗ್ರಿ ಏರಿದರೆ ಇಂಧನ ಶೇ 1ರಷ್ಟು ಉಳಿಯುತ್ತದೆ ಎಂಬುದು ಬಾಯ್ಲರ್ ಮಂದಿಯ ಹಳೇ ಲೆಕ್ಕ. ಹಾಗೆ ನೋಡಿದರೆ ಶೇ 4, ಅಂದರೆ ಗಂಟೆಗೆ ಹತ್ತು-ಹನ್ನೆರಡು ಕೆ.ಜಿ. ಹೊಟ್ಟು. ಮೊದಲು ಅದನ್ನು ಮಾಡಿ. ಆಮೇಲೂ ಶಾಖ ಮಿಕ್ಕಿದರೆ ಎಕ್ಸ್‌ಪ್ಯಾಂಡರ್ ಮಾತು.

ಪ್ರಶ್ನೆ (ಅವರೇ): ಫೀಡ್ ನೀರಿಗೆ ಆಗಲೇ ಎಕನಾಮೈಸರ್ (ಹೊಗೆ ಶಾಖದಾಗ ಆ ನೀರು ಕಾಯಿಸೋದು) ಐತ್ರಿ. ಇದು ಅದರ ಆಚೆಗಿನ ಶಾಖ. ಗ್ಯಾಸ್ ಯಾವುದು ಹಾಕೋದು? ಕಾರ್ ಎಸಿಯ ಆರ್‌134ಎ ಸುಲಭಕ್ಕೆ ಸಿಗ್ತೈತಿ.

ಉತ್ತರ: ಹಾಗಾದರೆ ಸರಿ. ಆದರೆ ಆರ್‌134ಎ ಬೇಡ. 80 ಡಿಗ್ರಿಯಲ್ಲಿ ಅದರ ಒತ್ತಡ 26 ಬಾರ್ ದಾಟುತ್ತದೆ, ಏರ್ ಮೋಟರ್‌ನ ಮೈ ಮಾಡಿರುವುದು ಆರೇಳು ಬಾರ್‌ಗೆ. ಅದರ ಬದಲು ಆರ್‌245ಎಫ್‌ಎ ಎಂಬ ಗ್ಯಾಸು 75 ಡಿಗ್ರಿಯಲ್ಲಿ ಕುದ್ದರೆ ಸುಮಾರು 7 ಬಾರ್, 40ರಲ್ಲಿ ತಣಿದರೆ 2.5 ಬಾರ್ (ಎರಡೂ ಅಬ್ಸೊಲ್ಯೂಟ್, ಗೇಜಿನಲ್ಲಿ ಒಂದೊಂದು ಕಡಿಮೆ ಕಾಣುತ್ತದೆ). ಇದು ಹಿಗ್ಗುವಾಗ ಹನಿಗಟ್ಟುವುದಿಲ್ಲ, ಆದ್ದರಿಂದ ಹಬೆಯನ್ನು ಹೆಚ್ಚು ಕಾಯಿಸಬೇಕಿಲ್ಲ. ಭೂಮಿಯ ಬಿಸಿ ಏರಿಸುವ ಗುಣ ಕಡಿಮೆ ಇರಲಿ ಅಂದರೆ ಆರ್‌1233ಜೆಡ್‌ಡಿ ನೋಡಿ, ಒತ್ತಡ ಇನ್ನೂ ಸ್ವಲ್ಪ ಕಡಿಮೆ.

ನಿಮ್ಮ ಶಾಖಕ್ಕೆ ಸೆಕೆಂಡಿಗೆ 0.13 ಕೆ.ಜಿ. ಚಿಲ್ಲರೆ ಗ್ಯಾಸ್ ಓಡಬೇಕು. 1500 ಆರ್‌ಪಿಎಂನಲ್ಲಿ ಪ್ರತಿ ಸುತ್ತಿಗೆ ಒಳಗೆ ಹೋಗುವುದು 140 ಸಿಸಿ, ಹೊರಬೀಳುವುದು 380 ಸಿಸಿ. ಈ ಎರಡರ ಅನುಪಾತ, ಹೆಚ್ಚೂಕಮ್ಮಿ 2.7, ಯಂತ್ರದೊಳಗೇ ಇರಬೇಕು. ಮಾರ್ಕೆಟ್‌ನಲ್ಲಿ ಸಿಗುವ ಎರಡೂ ಕಡೆ ತಿರುಗುವ ಏರ್ ಮೋಟರಿನಲ್ಲಿ ಹಿಗ್ಗಲು ಜಾಗವೇ ಕಡಿಮೆ.

ಪ್ರಶ್ನೆ (ಲೇತ್ ಶಾಪ್, ಹರಿಹರ): ಪವರ್ ಸ್ಟೀರಿಂಗ್ ಪಂಪ್ ಗುಜರಿಯಲ್ಲಿ ಸಿಗುತ್ತೆ. ಅದರಲ್ಲೂ ವೇನ್ ಇದಾವಲ್ಲ ಸರ್?

ಉತ್ತರ: ವೇನ್ ಇವೆ, ಆದರೆ ಅದು ಎಣ್ಣೆ ತಳ್ಳಲು ಮಾಡಿದ್ದು. ಎಣ್ಣೆ ಹಿಗ್ಗುವುದಿಲ್ಲ, ಹಾಗಾಗಿ ಅದರ ಅನುಪಾತ ಸುಮಾರು 1. ಒತ್ತಡದ ಗ್ಯಾಸು ಹಾಗೇ ಬಾಗಿಲು ದಾಟಿ ಹೋಗುತ್ತದೆ, ಸಿಗಬಹುದಾದ ಕೆಲಸದಲ್ಲಿ ಲೆಕ್ಕದ ಪ್ರಕಾರವೇ ಶೇ 60 ಮಾತ್ರ, ಸೋರಿಕೆ ಬೇರೆ. ವೇನ್ ಮಾದರಿಯ ಕಾರ್ ಎಸಿ ಕಂಪ್ರೆಸರ್ ಸಿಕ್ಕರೆ ವಾಸಿ. ಡಿಸ್ಚಾರ್ಜ್ (ಗ್ಯಾಸು ಹೊರಬೀಳುವ) ಕಡೆಯ ರೀಡ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ಬಿಡುವ ತೆಳು ಪಟ್ಟಿಯ ವಾಲ್ವ್ ತೆಗೆದು ಆ ಕಡೆಯಿಂದ ಒಳಗೆ ಬಿಡಬೇಕು, ತಿರುಗುವ ದಿಕ್ಕು ಉಲ್ಟಾ ಆಗುತ್ತದೆ.

ಪ್ರಶ್ನೆ (ಅವರೇ): ಏರ್ ಮೋಟರಿಗೆ ಕಂಪ್ರೆಸರ್ ಗಾಳಿ ಕೊಟ್ರೆ ಒಂದೊಂದ್ಸಲ ತಿರುಗಲ್ಲ, ಸುಸ್ ಅಂತ ಗಾಳಿ ಹೋಗುತ್ತೆ. ಕೈಲಿ ಒಂದು ಸುತ್ತು ತಿರುವಿದ್ರೆ ಹಿಡಿಯುತ್ತೆ. ಯಾಕೆ?

ಉತ್ತರ: ನಿಂತ ರೋಟರಿನಲ್ಲಿ ವೇನ್‌ಗಳನ್ನು ಹೊರಗೆ ಎಸೆಯುವ ಬಲ ಇಲ್ಲ. ಮೇಲ್ಗಡೆಯ ವೇನ್ ತನ್ನ ಭಾರಕ್ಕೆ ರೋಟರಿನ ಸೀಳಿನೊಳಗೆ ಕುಸಿದು ಕೂತಿರುತ್ತದೆ, ಗ್ಯಾಸು ಅದರ ತಲೆ ಮೇಲಿಂದ ದಾಟುತ್ತದೆ. ವೇನ್ ಬುಡಕ್ಕೆ ತೆಳು ಸ್ಪ್ರಿಂಗ್ ಕೊಡಿ, ಇಲ್ಲವೇ ಎಂಡ್ ಪ್ಲೇಟಿನಲ್ಲಿ (ರೋಟರಿನ ಪಕ್ಕದ ಮುಚ್ಚಳ) ಬಾಗಿದ ತೋಡು ಕೊರೆದು ಒಳಬರುವ ಒತ್ತಡವನ್ನೇ ಬುಡಕ್ಕೆ ಮುಟ್ಟಿಸಿ. ಸ್ಪ್ರಿಂಗ್ ಬಿಗಿ ಮಾಡಲು ಹೋಗಬೇಡಿ, ಉಜ್ಜಾಟದಲ್ಲೇ ಕರೆಂಟ್ ಹೋಗುತ್ತದೆ. ವೇಗ ಏರಿಸಿದರೂ ಅದೇ ಕಥೆ: ವೇನ್ ಒತ್ತುವ ಬಲ ವೇಗದ ವರ್ಗಕ್ಕೆ ಏರುತ್ತದೆ, ಉಜ್ಜಾಟದಲ್ಲಿ ಹೋಗುವ ಶಕ್ತಿ ಘನಕ್ಕೆ. 1500 ಸಾಕು.

ವೇನ್‌ಗೆ ಬಟ್ಟೆ ಪದರದ ಹೈಲಮ್ (ರಾಳ ಸೇರಿಸಿ ಒತ್ತಿದ ಗಟ್ಟಿ ಹಲಗೆ) ಹಗುರ, ಸುಲಭಕ್ಕೆ ಕತ್ತರಿಸಬಹುದು. ಕಾರ್ಬನ್ ಗ್ರಾಫೈಟ್ ಎಣ್ಣೆ ಕಡಿಮೆ ಇದ್ದರೂ ತಡೆಯುತ್ತದೆ, ಆದರೆ ಪೆಟ್ಟಿಗೆ ಒಡೆಯುತ್ತದೆ. ನೀವು ನಿಜವಾಗಿ ಕೈ ಇಡಬೇಕಾದ್ದು ರೋಟರಿಗೂ ಎಂಡ್ ಪ್ಲೇಟಿಗೂ ನಡುವಿನ ಸಂದಿಗೆ. ಒಂದೊಂದು ಕಡೆ 0.03ರಿಂದ 0.05 ಮಿ.ಮೀ. ಅದು 0.1 ಆದರೆ ಸೋರಿಕೆ ದುಪ್ಪಟ್ಟಲ್ಲ, ಸರಿಸುಮಾರು ಎಂಟು ಪಟ್ಟು. ತಣ್ಣಗಿದ್ದಾಗ ಅಳತೆ ಹಿಡಿದು, 80 ಡಿಗ್ರಿಗೆ ಅಲ್ಯೂಮಿನಿಯಂ ರೋಟರ್ ಬೆಳೆದು ಹಿಡಿದುಕೊಳ್ಳುವುದೂ ಉಂಟು. ರೋಟರೂ ಮೈಯೂ ಒಂದೇ ಲೋಹದವಾಗಿರಲಿ.

ಎಣ್ಣೆ ಪಿಒಇ (ಪಾಲಿಯೋಲ್ ಎಸ್ಟರ್ ಎಂಬ ಸಿಂಥೆಟಿಕ್ ಎಣ್ಣೆ) ಮಾತ್ರ, ಗ್ಯಾಸಿನ ತೂಕಕ್ಕೆ ಶೇ 3ರಿಂದ 5. ಮಾಮೂಲಿ ಮಿನರಲ್ ಎಣ್ಣೆ ಆರ್‌245ಎಫ್‌ಎಯಲ್ಲಿ ಸರಿಯಾಗಿ ಕರಗದೆ ಎವಾಪರೇಟರ್‌ನಲ್ಲೇ ಉಳಿದುಬಿಡುತ್ತದೆ. ವೈಟನ್ ರಬ್ಬರಿನ ಓ-ರಿಂಗ್ ಬೇಡ, ಉಬ್ಬುತ್ತದೆ.

ಪ್ರಶ್ನೆ (ಚಿತ್ರದುರ್ಗ): ನಮ್ಮಲ್ಲಿ ನೀರಿಗೆ ಬರ. ಕಂಡೆನ್ಸರ್‌ಗೆ ಬರೀ ಫ್ಯಾನ್ ಗಾಳಿ ಸಾಕಾ?

ಉತ್ತರ: ಜನವರಿಯಲ್ಲಿ ಸಾಕು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಗ್ಯಾಸು ತಣಿಯುವುದು 50 ಡಿಗ್ರಿಯಲ್ಲಿ, ಆಗ ಎಕ್ಸ್‌ಪ್ಯಾಂಡರ್‌ನ ಹೊರಬದಿಯ ಒತ್ತಡ 2.5ರಿಂದ 3.4 ಬಾರ್‌ಗೆ ಏರಿ ಮೂರನೇ ಒಂದು ಭಾಗ ಕೆಲಸ ಕೈಬಿಡುತ್ತದೆ. ಕೂಲಿಂಗ್ ಟವರ್ ಹಾಕಿದರೆ ಬೋರ್ ನೀರನ್ನು ಮೆದು ಮಾಡಿಯೇ ಬಿಡಿ, ಕಂಡೆನ್ಸರ್‌ನ ಪ್ಲೇಟ್ ಸಂದಿಯಲ್ಲಿ ಸುಣ್ಣ ಕಟ್ಟಿದರೂ ಇದೇ ಗತಿ.

ಪ್ರಶ್ನೆ (ಮಂಡಕ್ಕಿ ಭಟ್ಟಿ, ದಾವಣಗೆರೆ): ಭಟ್ಟಿ ಹೊಗೆಗೆ ನೇರ ಎವಾಪರೇಟರ್ ಇಡಬಹುದೇನಣ್ಣಾ?

ಉತ್ತರ: ಬೇಡಪ್ಪ. ಮಸಿ ಕಟ್ಟುತ್ತದೆ, ಉರಿ ಏರಿಳಿದಾಗ ಗ್ಯಾಸೂ ಎಣ್ಣೆಯೂ ಸುಟ್ಟು ಕೆಡುತ್ತವೆ. ನಡುವೆ ನೀರಿನ ಸುತ್ತು ಇರಲಿ.

ಪ್ರಶ್ನೆ (ಅಕ್ಕಿ ಮಿಲ್): ಹಾಗಾದ್ರ ಒಂದು ಮಾಡಿ ನೋಡ್ತೀವ್ರಿ. ಚಾಲೂ ಮಾಡುವಾಗ ಏನು ಕೆಡ್ತೈತಿ?

ಉತ್ತರ: ಹತ್ತರಲ್ಲಿ ಎಂಟು ಸಲ ಫೀಡ್ ಪಂಪ್. ಕಂಡೆನ್ಸರ್‌ನಿಂದ ಬರುವ ದ್ರವ ಕುದಿಯುವ ಅಂಚಿನಲ್ಲೇ ಇರುತ್ತದೆ. ಪಂಪ್ ಸ್ವಲ್ಪ ಎಳೆದರೂ ಗುಳ್ಳೆ ಎದ್ದು, ಜಲ್ಲಿ ಅರೆದಂಥ ಸದ್ದು ಬಂದು ಹರಿವು ನಿಲ್ಲುತ್ತದೆ. ರಿಸೀವರ್ (ತಣಿದ ದ್ರವ ನಿಲ್ಲುವ ಟ್ಯಾಂಕ್) ಪಂಪಿಗಿಂತ ಒಂದು-ಒಂದೂವರೆ ಮೀಟರ್ ಮೇಲಿರಲಿ, ದ್ರವ ಇನ್ನೂ 5 ಡಿಗ್ರಿ ತಣಿದಿರಲಿ, ಸಕ್ಷನ್ ಪೈಪ್ ದಪ್ಪ ಇರಲಿ. ಗ್ಯಾಸ್ ತುಂಬುವ ಮೊದಲು ನೈಟ್ರೋಜನ್‌ನಲ್ಲಿ 10 ಬಾರ್ ಪರೀಕ್ಷೆ ಮಾಡಿ (ಆಕ್ಸಿಜನ್ ಸಿಲಿಂಡರ್ ಹತ್ತಿರಕ್ಕೂ ತರಬೇಡಿ), ಆಮೇಲೆ ವ್ಯಾಕ್ಯೂಮ್ ಗೇಜಿನಲ್ಲಿ 500 ಮೈಕ್ರಾನ್ (ಉಳಿದ ಒತ್ತಡದ ಅಳತೆ) ಕೆಳಗೆ ಬರುವವರೆಗೆ ವ್ಯಾಕ್ಯೂಮ್ ಎಳೆಯಿರಿ.

ಇನ್ನೊಂದು, ಜನರೇಟರ್ ಲೋಡ್ ತಟ್ಟನೆ ಬಿಟ್ಟರೆ ರೋಟರ್ ಹುಚ್ಚುಹಿಡಿದಂತೆ ಓಡಿ ವೇನ್ ಪುಡಿಯಾಗುತ್ತದೆ. ಎಕ್ಸ್‌ಪ್ಯಾಂಡರ್‌ನ ಹೊರಗಿಂದ ಬೈಪಾಸ್ ಪೈಪ್ ಹಾಕಿ, ಕರೆಂಟ್ ಹೋದರೆ ತಾನೇ ತೆರೆಯುವ ಸೊಲೆನಾಯ್ಡ್ ವಾಲ್ವ್ ಕೂರಿಸಿ. ಎವಾಪರೇಟರ್ ಮೇಲೆ ಸೇಫ್ಟಿ ವಾಲ್ವ್ ಇಲ್ಲದೆ ಬಿಸಿನೀರು ಬಿಡಲೇಬೇಡಿ.