ಡೆಯಾನೈರಾ ಗೊತ್ತಿದ್ದೇ ಆ ನಿಲುವಂಗಿ ಕಳಿಸಿದಳಾ?

ಮಸಿಕುಡಿಕೆ:
ಗ್ರೀಕ್ ಪುರಾಣದ ದುರಂತ ನಾಯಕಿ ಅಂದ ಕೂಡಲೇ ಎಲ್ಲರೂ ಮೆಡಿಯಾ, ಆಂಟಿಗೊನೆ ಅಂತಾರೆ. ನನ್ನ ತಲೆ ಕೊರೀತಿರೋದು ಹೆರಾಕ್ಲಿಸ್ ಹೆಂಡತಿ ಡೆಯಾನೈರಾ. ಸೊಫೊಕ್ಲಿಸ್ ನಾಟಕದಲ್ಲಿ ಗಂಡ 15 ತಿಂಗಳಿಂದ ಪತ್ತೆಯಿಲ್ಲ. ಅವನು ಬರುವ ಮೊದಲೇ ಸೆರೆ ಹಿಡಿದ ಹೆಂಗಸರು ಮನೆಗೆ ಬರುತ್ತಾರೆ, ಅದರಲ್ಲಿ ಯೊಲೆ ಅನ್ನೋ ರಾಜಕುಮಾರಿ. ಅವಳಿಗೋಸ್ಕರವೇ ಅವನು ಒಂದಿಡೀ ಊರನ್ನು ಹಾಳು ಮಾಡಿದ್ದು. ಇದು ತಿಳಿದಾಗ ಡೆಯಾನೈರಾ, ಹಿಂದೆ ನೆಸ್ಸಸ್ ಅನ್ನೋ ಅರೆಮನುಷ್ಯ-ಅರೆಕುದುರೆ ಸಾಯುತ್ತಾ ಕೊಟ್ಟಿದ್ದ ತನ್ನ ರಕ್ತವನ್ನು ವಶೀಕರಣದ ಮದ್ದು ಅಂತ ನಿಲುವಂಗಿಗೆ ಸವರಿ ಗಂಡನಿಗೆ ಕಳಿಸುತ್ತಾಳೆ. ಅವನು ಮೈ ಸುಟ್ಟು ನರಳುತ್ತಾನೆ. ಅಲ್ಲಾ, ಗಂಡನ ಬಾಣಕ್ಕೇ ಸಾಯುತ್ತಿರುವವನು ಆ ಗಂಡನನ್ನು ಉಳಿಸಿಕೊಳ್ಳೋ ಮದ್ದು ಯಾಕೆ ಕೊಡ್ತಾನೆ? ಇಷ್ಟೂ ಹೊಳೆಯಲಿಲ್ವಾ?

ನಿಶಾಚರಿ:
ಹೊಳೆಯಿತು, ತಡವಾಗಿ. ಇದೇ ಪ್ರಶ್ನೆಯನ್ನು ಅವಳೇ ಕೇಳಿಕೊಳ್ಳುತ್ತಾಳೆ. ಮದ್ದು ಸವರೋಕೆ ಬಳಸಿದ ಉಣ್ಣೆಯ ತುಂಡನ್ನು ಬಿಸಾಕಿರುತ್ತಾಳೆ, ಅದು ಬಿಸಿಲಲ್ಲಿ ಬೀಳುತ್ತದೆ. ನೋಡ್ತಾ ನೋಡ್ತಾ ಉಣ್ಣೆ ಗರಗಸದ ಹೊಟ್ಟಿನ ಹಾಗೆ ಪುಡಿಯಾಗಿ, ಬಿದ್ದ ನೆಲದಿಂದ ನೊರೆ ಉಕ್ಕುತ್ತದೆ. ಅಷ್ಟರಲ್ಲಿ ಹೆರಾಕ್ಲಿಸ್‌ನ ದೂತ ಲೈಕಸ್ ನಿಲುವಂಗಿ ತೆಗೆದುಕೊಂಡು ಹೋಗಿಯಾಗಿದೆ. ಬಾಣಕ್ಕೆ ಹೈಡ್ರಾ ಅನ್ನೋ ಹಲವು ತಲೆಯ ಹಾವಿನ ವಿಷ ಮೆತ್ತಿತ್ತು, ಅದೇ ನೆಸ್ಸಸ್‌ನ ರಕ್ತದಲ್ಲಿ ಸೇರಿತ್ತು. ಮದ್ದು ಕೈಗೆ ಬಂದಾಗ ಅವಳು ಹೊಸ ಮದುವೆಯ ಹುಡುಗಿ. ಹೊಳೆ ದಾಟಿಸುತ್ತಾ ನೆಸ್ಸಸ್ ಮೈಮೇಲೆ ಕೈ ಹಾಕಿದ್ದ, ಗಂಡ ಬಾಣ ಬಿಟ್ಟಿದ್ದ. ಆ ಗಾಬರಿಯಲ್ಲಿ ಲೆಕ್ಕಾಚಾರ ಎಲ್ಲಿಂದ ಬರಬೇಕು?

ತಲೆಹರಟೆ:
ಆಗಿನದು ಬಿಡಿ, ಎಷ್ಟೋ ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದಳಲ್ಲ! ಬೆಂಕಿಯ ಹತ್ತಿರ ತರಬೇಡ, ಬಿಸಿಲು ತಾಗಿಸಬೇಡ ಅಂತ ನೆಸ್ಸಸ್ ಹೇಳಿದ್ದ, ಅಕ್ಷರಕ್ಷರ ಪಾಲಿಸಿದಳು. ಯಾಕೆ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಾಟಕದ ಮೇಳದವರಾದ ಟ್ರಾಕಿಸ್ ಊರಿನ ಹುಡುಗಿಯರಿಗೆ ಅವಳೇ ಹೇಳುತ್ತಾಳೆ, ನಂಬಿಕೆ ಇದೆ, ಪರೀಕ್ಷೆ ಮಾಡಿಲ್ಲ ಅಂತ. ಮಾಡದೆ ಗೊತ್ತಾಗಲ್ಲ ಅಂತಾರೆ ಅವರು (ಎಂಥಾ ಸಲಹೆ!). ಅದೂ ಅಲ್ಲದೆ, ಈ ವಿಷಯ ಬಾಯಿ ಬಿಡಬೇಡಿ, ಕತ್ತಲಲ್ಲಿ ಮಾಡಿದ್ದಕ್ಕೆ ಮಾನ ಹೋಗಲ್ಲ ಅನ್ನೋ ಅರ್ಥದಲ್ಲಿ ಮಾತಾಡುತ್ತಾಳೆ. ಕೊಲ್ಲೋ ಉದ್ದೇಶ ಇರಲಿಲ್ಲ, ಒಪ್ಪುತ್ತೇನೆ. ಆದರೆ ತಿಳಿದುಕೊಳ್ಳೋದು ಅವಳಿಗೆ ಬೇಕಿರಲಿಲ್ಲ. ಮುಗ್ಧೆ ಅಂತ ಕರೆದು ಸುಮ್ನೆ ಬಿಟ್ಟುಬಿಡೋದು ಅವಳಿಗೇ ಅವಮಾನ.

ನಿಶಾಚರಿ:
ಗಂಡನಿಗೆ ಹೊಸಬಳು ಬಂದಿದ್ದಾಳೆ, ಅದೂ ಒಂದೇ ಸೂರಿನಡಿ. ಅಂಥ ದಿನ ಯಾರು ಪರೀಕ್ಷೆ ಮಾಡ್ತಾ ಕೂರ್ತಾರೆ?

ದಾರಿಹೋಕ:
ನನಗೆ ಅವಳಿಗಿಂತ ಹೆರಾಕ್ಲಿಸ್ ಮೇಲೆ ಜಾಸ್ತಿ ಸಿಟ್ಟು. ಮಗ ಹಿಲ್ಲಸ್ ಬಂದು ಅಪ್ಪನನ್ನು ಕೊಂದೆ ಅಂತ ಶಾಪ ಹಾಕಿದಾಗ ಡೆಯಾನೈರಾ ಒಂದೇ ಒಂದು ಮಾತಾಡದೆ ಒಳಗೆ ಹೋಗಿ, ಗಂಡನ ಹಾಸಿಗೆಯ ಮೇಲೆ ಕತ್ತಿಯಿಂದ ಇರಿದುಕೊಂಡು ಸಾಯುತ್ತಾಳೆ. ಆಮೇಲೆ ಮಗನಿಗೆ ಸತ್ಯ ತಿಳಿದು ಅಪ್ಪನಿಗೂ ಹೇಳುತ್ತಾನೆ, ಅವಳದು ತಪ್ಪಲ್ಲ, ಇದು ನೆಸ್ಸಸ್‌ನ ಕೆಲಸ ಅಂತ. ನೆಸ್ಸಸ್ ಹೆಸರು ಕೇಳಿದ್ದೇ ತಡ, ಹೆರಾಕ್ಲಿಸ್‌ಗೆ ತನ್ನ ಸಾವಿನ ಬಗ್ಗೆ ಇದ್ದ ಭವಿಷ್ಯವಾಣಿ (ಸತ್ತವನಿಂದಲೇ ಸಾವು ಅಂತ) ನೆನಪಾಗುತ್ತದೆ. ಹೆಂಡತಿಯ ಸುದ್ದಿ ಅಲ್ಲಿಗೆ ಮುಗಿಯಿತು, ಅಯ್ಯೋ ಪಾಪ ಅನ್ನೋದೂ ಇಲ್ಲ. ಈಟಾ ಬೆಟ್ಟದ ಮೇಲೆ ಚಿತೆ ಒಟ್ಟು, ಯೊಲೆಯನ್ನು ನೀನೇ ಮದುವೆಯಾಗು ಅಂತ ಮಗನಿಗೆ ಅಪ್ಪಣೆ ಮಾಡುತ್ತಾನೆ.

ಮಸಿಕುಡಿಕೆ:
ತಲೆಹರಟೆ ಹೇಳಿದ್ದು ನನಗೆ ಸರಿ ಅನ್ನಿಸುತ್ತಿದೆ. ಯೊಲೆಯ ಬಗ್ಗೆ ಬೇರೆಯೇ ಚರ್ಚೆ ಶುರು ಮಾಡಬೇಕು. ಇಷ್ಟೆಲ್ಲಾ ನಡೆದದ್ದು ಅವಳ ನೆಪದಲ್ಲಿ, ನಾಟಕದಲ್ಲಿ ಅವಳಿಗೆ ಒಂದು ಮಾತೂ ಇಲ್ಲ ಅಲ್ವಾ?