ಸಚಿವರ ಉತ್ತರ ಬಂತು, ಮುಂದೇನು? – ಮುಂಬಯಿ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಲೋಕಸಭಾ ಸಚಿವಾಲಯದಿಂದ ನಿವೃತ್ತರಾಗಿ ಮಾಟುಂಗಾದಲ್ಲಿರುವ ನಮ್ಮ ಸರ್ ಇವತ್ತು ಉತ್ತರಿಸುತ್ತಾರೆ.

ಘಾಟ್ಕೋಪರ್: ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೇನು ಸರ್?

ಸರ್: ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದ್ದು. ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ, ಅದೂ ಚೀಟಿ ಎತ್ತಿದಾಗ ಬಂದರೆ. ಚುಕ್ಕೆ ಇಲ್ಲದವು 230, ಅವಕ್ಕೆ ಬರೆದ ಉತ್ತರ.

ಡೊಂಬಿವಲಿ: ನಮ್ಮ ಕಡೆಯ ಒಂದು ಪಾದಚಾರಿ ಸೇತುವೆ ಬಗ್ಗೆ ಎಂಪಿ 2 ವರ್ಷದ ಹಿಂದೆ ಕೇಳಿದ್ದರು. 'ವಿಷಯ ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂತು. ಲ್ಯಾಮಿನೇಟ್ ಮಾಡಿಸಿ ಸಂಘದ ಆಫೀಸಿನಲ್ಲಿ ತೂಗುಹಾಕಿದ್ದೇವೆ.

ಸರ್: ತೂಗುಹಾಕಿ ಸುಮ್ಮನಾದಿರಾ? ಅಯ್ಯೋ ಮಾರಾಯ್ರೆ! 'ಪರಿಶೀಲನೆಯಲ್ಲಿದೆ' ಅಂದರೆ ಸದನಕ್ಕೆ ಕೊಟ್ಟ ಭರವಸೆ. 3 ತಿಂಗಳಲ್ಲಿ ಪೂರೈಸಬೇಕು, ಇಲ್ಲವೇ ಇಲಾಖೆ ಹೆಚ್ಚಿನ ಸಮಯ ಕೇಳಬೇಕು. ಇದನ್ನು ನೋಡಲೆಂದೇ 1953ರಿಂದ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅಧಿಕಾರಿಗಳನ್ನು ಕರೆಸಿ ಕೂರಿಸಿ ಕೇಳುತ್ತದೆ. ಎಂಪಿಯಿಂದ ಆ ಸಮಿತಿಗೆ ಬರೆಸಿ, ಪ್ರಶ್ನೆ ಸಂಖ್ಯೆ, ತಾರೀಕು ಸಮೇತ. ನನಗೆ ಒಂದೇ ಅನುಮಾನ. ಪ್ರಶ್ನೆಯ ನಾಲ್ಕು ಭಾಗಕ್ಕೂ ಸೇರಿಸಿ 'ಎಯಿಂದ ಡಿವರೆಗೆ' ಅಂತ ಒಂದೇ ಉತ್ತರ ಕೊಟ್ಟಿದ್ದಾರಾ? ಹಾಗೆ ಕೊಟ್ಟರೆ ಕಷ್ಟದ ಪ್ರಶ್ನೆ ಸದ್ದಿಲ್ಲದೆ ನುಂಗಿಹೋಗುತ್ತದೆ. 'ಇದು ನಿರಂತರ ಪ್ರಕ್ರಿಯೆ' ಅಂತಿದ್ದರೆ ಇನ್ನೂ ಕೆಟ್ಟದು, ಹಿಡಿಯಲು ಏನೂ ಸಿಗುವುದಿಲ್ಲ. ಮುಂದಿನ ಸಲ 'ಯಾಕೆ ಆಗಿಲ್ಲ' ಅಂತ ಕೇಳಿಸಬೇಡಿ. ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಮುಗಿಸುವ ತಾರೀಕು ಯಾವುದು, ಇಷ್ಟೇ.

ವಸಾಯಿ: ಫಾರ್ವರ್ಡ್ ಬಂದಿದೆ: 'ಸಾವಿರ ಜನ ಸ್ಪೀಕರ್‌ಗೆ ಇಮೇಲ್ ಹಾಕಿದರೆ ಸಚಿವರು 24 ಗಂಟೆಯಲ್ಲಿ ಉತ್ತರಿಸಲೇಬೇಕು. 10 ಗುಂಪಿಗೆ ಕಳಿಸಿ.'

ಸರ್: ಅಂಥ ನಿಯಮ ಇಲ್ಲ. ಪ್ರಶ್ನೆ ಕೇಳುವವರು ಸದಸ್ಯರು, ಅವರೂ 15 ದಿನ ಮೊದಲು ನೋಟಿಸ್ ಕೊಡಬೇಕು. ಒಂದು ಗುಂಪಿಗೂ ಕಳಿಸಬೇಡಿ.

ಥಾಣೆ: ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್ 6 ವರ್ಷದಿಂದ ನಿಂತಿದೆ. ಅದನ್ನೂ ಕೇಳಿಸಬಹುದಾ?

ಭಾಂಡೂಪ್: ಸರ್, ಚುಕ್ಕೆ ಗುರುತು ಅಂದ್ರೇನು?

ಸರ್: ಮೇಲೆ ಓದಿ.

ಮುಲುಂಡ್: ಪ್ರಶ್ನೆಯಿಂದ ಯಾವ ಸಚಿವರ ಕುರ್ಚಿ ಅಲ್ಲಾಡಿದೆ? ಎಲ್ಲ ಟೈಮ್‌ಪಾಸ್.

ಸಾಂತಾಕ್ರೂಜ್: ಮುಂಧ್ರಾ ಪ್ರಕರಣ ಕೇಳಿಲ್ವಾ? ಉದ್ಯಮಿ ಮುಂಧ್ರಾನ ಕಂಪನಿಗಳಿಗೆ ಹಾಕಿದ ಎಲ್‌ಐಸಿ ಹಣದ ಬಗ್ಗೆ 1957ರಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ಇದೇ ಮುಂಬಯಿಯಲ್ಲಿ ನಡೆಯಿತು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಮುಲುಂಡ್: ಅಜ್ಜನ ಕಾಲದ್ದು. ಈಚಿನದು ಹೇಳಿ.

ಸಾಂತಾಕ್ರೂಜ್: 2005. ಪ್ರಶ್ನೆಗೆ ದುಡ್ಡು ತಗೊಂಡ ಹಗರಣ, 11 ಸಂಸದರ ಉಚ್ಚಾಟನೆ.

ಮುಲುಂಡ್: ಹೋದವರು ಕೇಳುವವರು, ಸಚಿವರಲ್ಲ! ನಾನು ಹೇಳಿದ್ದೂ ಅದನ್ನೇ ಅಲ್ವಾ?

ಸಾಂತಾಕ್ರೂಜ್: ನಿಮಗೆ ಹೇಳುವ ಬದಲು ಗೋಡೆಗೆ ಹೇಳಬಹುದಿತ್ತು.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡೊಂಬಿವಲಿ: ಸರ್, ಈಗ ಇಳಿಸಿ ನೋಡಿದೆ. 'ಎಯಿಂದ ಡಿವರೆಗೆ' ಒಟ್ಟಿಗೇ ಇದೆ. ಲ್ಯಾಮಿನೇಟ್ ಮಾಡುವವನು ಪ್ರಶ್ನೆ ಸಂಖ್ಯೆಯನ್ನೇ ಕತ್ತರಿಸಿಬಿಟ್ಟಿದ್ದಾನೆ.

ಸರ್: ತಾರೀಕು ಉಳಿದಿದೆಯಲ್ಲ. ಸಂಸತ್ತಿನ ವೆಬ್‌ಸೈಟಿನಲ್ಲಿ ಎಂಪಿ ಹೆಸರು ಹಾಕಿ ಹುಡುಕಿ. ನನಗೊಬ್ಬನಿಗೇ ಕಳಿಸಿ. ಇಲ್ಲಿ ಹಾಕಿದರೆ ಈ ಜಗಳದಲ್ಲಿ ಕಾಣುವುದಿಲ್ಲ.

ಥಾಣೆ: ಸರ್, ನಮ್ಮ ಬಿಲ್ಡಿಂಗ್ ವಿಷಯ?