ಮೈಎಸ್‌ಕ್ಯುಎಲ್ ರೆಗೆಕ್ಸಲ್ಲಿ ಬ್ಯಾಕ್‌ಸ್ಲ್ಯಾಶ್ ಕೆಲ್ಸ ಮಾಡ್ತಿಲ್ಲ, ಬ್ರಾಕೆಟ್ ಹುಡುಕೋದು ಹೇಗೆ?

ಗೋಣಿಕೊಪ್ಪದವ:
ನಮಸ್ಕಾರ. ಇಲ್ಲೊಂದು ಕಾಫಿ ಖರೀದಿ ಅಂಗಡಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡ್ತಿದೀನಿ. ನನ್ ಲ್ಯಾಪ್‌ಟಾಪಲ್ಲಿ ಮೈಎಸ್‌ಕ್ಯುಎಲ್ ಡೇಟಾಬೇಸ್ 8, ಅಂಗಡಿ ಸಿಸ್ಟಮಲ್ಲಿ 5.7. ಮಾಲಿನ ಹೆಸ್ರು ಕೆಲವು ಕಡೆ 'ರೋಬಸ್ಟಾ (ಚೆರಿ)', ಕೆಲವು ಕಡೆ ಬರೀ 'ರೋಬಸ್ಟಾ ಚೆರಿ' ಅಂತ ಇದೆ, ಬ್ರಾಕೆಟ್ ಇರೋವಷ್ಟೇ ಹುಡುಕಿ ಸರಿ ಮಾಡ್ಬೇಕು. ರೆಗೆಕ್ಸಲ್ಲಿ (ಪ್ಯಾಟರ್ನ್ ಕೊಟ್ಟು ಪಠ್ಯ ಹುಡುಕೋ ವಿಧಾನ) '\(ಚೆರಿ' ಅಂತ ಕೊಟ್ರೆ 8ರಲ್ಲಿ ಬ್ರಾಕೆಟ್ ಜೋಡಿ ಸರಿ ಇಲ್ಲ ಅಂತ ಎರರ್, '\(ಚೆರಿ\)' ಅಂದ್ರೆ ಎರರ್ ಇಲ್ಲ ಆದ್ರೆ ಬ್ರಾಕೆಟ್ ಇಲ್ದಿರೋ ಸಾಲುಗಳೂ ಬರ್ತಿವೆ. ಆನ್‌ಲೈನ್ ಟೆಸ್ಟರಲ್ಲಿ ಇದೇ ಪ್ಯಾಟರ್ನ್ ಸರಿಯಾಗಿದೆ, ಯಾಕೆ ಹೀಗೆ?

ಕುಶಾಲನಗರ ಡಿಬಿ:
ಪ್ಯಾಟರ್ನ್ ಸರಿನೇ ಇದೆ, ಆದ್ರೆ ಅದು ಹಾಗೇ ರೆಗೆಕ್ಸ್ ತನಕ ಹೋಗ್ತಿಲ್ಲ. ಕೋಟ್ ಒಳಗಿರೋದನ್ನ ಮೊದ್ಲು ಮೈಎಸ್‌ಕ್ಯುಎಲ್ ಸ್ಟ್ರಿಂಗ್ ಅಂತ ಓದುತ್ತೆ, \( ಅನ್ನೋ ಎಸ್ಕೇಪ್ (ಮುಂದಿನ ಗುರುತಿನ ಅರ್ಥ ಬದಲಿಸೋ ಬ್ಯಾಕ್‌ಸ್ಲ್ಯಾಶ್ ಜೋಡಿ) ಅದಕ್ಕೆ ಗೊತ್ತಿಲ್ಲ, ಹಾಗಾಗಿ ಬ್ಯಾಕ್‌ಸ್ಲ್ಯಾಶ್ ಬಿಟ್ಟು ಬರೀ ( ಮಾತ್ರ ಮುಂದೆ ಕಳಿಸುತ್ತೆ. ರೆಗೆಕ್ಸಿಗೆ ಅದು ಗ್ರೂಪ್ (ಬರೀ ಗುಂಪು ಮಾಡೋ ಗುರುತು, ಹುಡುಕೋ ಅಕ್ಷರ ಅಲ್ಲ) ಆಯ್ತಲ್ಲ, ಚೆರಿ ಇರೋ ಸಾಲೆಲ್ಲಾ ಬಂತು. ಎರಡೆರಡು ಹಾಕಿ: '\\(ಚೆರಿ\\)'. ಎರರ್ ಬಂದ್ರೆ ಪರ್ವಾಗಿಲ್ಲ ಕಣ್ರಿ, ಎರರ್ ಬರ್ದೇ ತಪ್ಪು ಸಾಲು ಬರುತ್ತಲ್ಲ ಅದೇ ಅಪಾಯ, ಅಪ್‌ಡೇಟ್ ಓಡಿಸೋ ಮುಂಚೆ ಅದೇ ಕಂಡೀಷನ್ ಹಾಕಿ ಸೆಲೆಕ್ಟ್ ಮಾಡಿ ನೋಡ್ಲೇಬೇಕು.

ಪೊನ್ನಂಪೇಟೆ ಅಕ್ಕ:
ನಾನಾದ್ರೆ '[(]ಚೆರಿ[)]' ಅಂತ ಬರೀತೀನಿ, ಬ್ಯಾಕ್‌ಸ್ಲ್ಯಾಶೇ ಬೇಡ. ಕೋಡಿನ ಸ್ಟ್ರಿಂಗ್ ಒಳಗಿಂದ ಕ್ವೆರಿ ಕಳಿಸಿದ್ರೆ ಆ ಭಾಷೆಯ ಎಸ್ಕೇಪ್ ಇನ್ನೊಂದು ಸುತ್ತು ಸೇರ್ಕೊಳ್ಳುತ್ತೆ, ಎಷ್ಟು ಹಾಕ್ಬೇಕು ಅಂತ ಎಣಿಸ್ತಾ ಕೂರ್ಬೇಕಾಗುತ್ತೆ. ಬೆಳೆಗಾರರ ಹೆಸ್ರಲ್ಲಿ ಡಿ'ಸೋಜ ಥರ ಇದ್ರೆ ಆ ಒಂಟಿ ಕೋಟಿಗೇ 1064 ಎರರ್ (ಕ್ವೆರಿ ಬರವಣಿಗೆ ತಪ್ಪು ಅಂತ) ಬರುತ್ತೆ, ಅದಕ್ಕೆ ದಯವಿಟ್ಟು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಕ್ವೆರಿ ಬೇರೆ, ಅದಕ್ಕೆ ಹಾಕೋ ಮೌಲ್ಯ ಬೇರೆ ಕಳಿಸೋ ವಿಧಾನ) ಬಳ್ಸಿ, ಸ್ಟ್ರಿಂಗ್ ಅಂಟಿಸಿ ಕ್ವೆರಿ ಕಟ್ಟಬೇಡಿ. ಅದ್ರಲ್ಲಿ ಕೋಟ್ ತಲೆನೋವು ಹೋಗುತ್ತೆ, ಆದ್ರೆ ರೆಗೆಕ್ಸಿನ ( . * ಇವಕ್ಕೆ ಎಸ್ಕೇಪ್ ಆಗ್ಲೂ ನೀವೇ ಮಾಡ್ಬೇಕು.

ಮಡಿಕೇರಿ ಮಂಜು:
5.7 ಅಂದ್ರಲ್ಲ, ಅದನ್ನ ಮರೀಬೇಡಿ. 8.0.4ರಿಂದ ರೆಗೆಕ್ಸಿಗೆ ಐಸಿಯು ಲೈಬ್ರರಿ (ಯುನಿಕೋಡ್ ಅಕ್ಷರ ಲೆಕ್ಕದಲ್ಲಿ ಓದೋದು) ಬಂದಿದೆ, ಅದಕ್ಕೂ ಮುಂಚಿಂದು ಬೈಟ್ ಲೆಕ್ಕದಲ್ಲಿ ಓದುತ್ತೆ. 'ಚೆ' ಅನ್ನೋದು ಚ ಮತ್ತೆ ಎತ್ವ ಸೇರಿ ಯುಟಿಎಫ್-8ರಲ್ಲಿ 6 ಬೈಟು, 5.7ರಲ್ಲಿ ಅದಕ್ಕೆ ಆರು ಡಾಟ್ (ರೆಗೆಕ್ಸಲ್ಲಿ 'ಯಾವ್ದಾದ್ರೂ ಒಂದು' ಅನ್ನೋ ಚುಕ್ಕಿ) ಬೇಕು, 8ರಲ್ಲಿ ಎರಡು. ಅಕ್ಕ ಕೊಟ್ಟಿದ್ರಲ್ಲಿ ಡಾಟ್ ಇಲ್ಲ, ಚೌಕ ಬ್ರಾಕೆಟ್ ಒಳಗೆ ಕನ್ನಡ ಅಕ್ಷರನೂ ಇಲ್ಲ, ಹಾಗಾಗಿ ಎರಡು ಕಡೆನೂ ನಡೆಯುತ್ತೆ.

ಗೋಣಿಕೊಪ್ಪದವ:
'[(]ಚೆರಿ[)]' ಎರಡ್ರಲ್ಲೂ ಓಡ್ತು, ಬ್ರಾಕೆಟ್ ಇರೋವಷ್ಟೇ ಬಂತು. ತುಂಬಾ ಥ್ಯಾಂಕ್ಸ್ ಅಕ್ಕ. ಬೆಳೆಗಾರರ ಟೇಬಲ್ ಕ್ವೆರಿಗಳನ್ನೂ ಪ್ರಿಪೇರ್ಡಿಗೆ ಬದಲಾಯಿಸ್ತಿದೀನಿ.